ಹೃದಯಾಘಾತದ ನಂತರ ಲಯ ತಪ್ಪಿದಾಗ: ತಾಲೂಕು ಆಸ್ಪತ್ರೆಯ ರಾತ್ರಿ ಪಾಳಿಗೊಂದು ದೋಷ ನಿವಾರಣೆ ಕೈಪಿಡಿ

ಹೃದಯಾಘಾತದಿಂದ ದಾಖಲಾದ ರೋಗಿಯ ನಾಡಿ ನಡುರಾತ್ರಿ ಇದ್ದಕ್ಕಿದ್ದಂತೆ 36ಕ್ಕೆ ಇಳಿಯಬಹುದು, ಇಲ್ಲವೇ 180ಕ್ಕೆ ಏರಬಹುದು. ಹಾವೇರಿ, ಗದಗ ಜಿಲ್ಲೆಗಳ ತಾಲೂಕು ಆಸ್ಪತ್ರೆಗಳಲ್ಲಿ ಆ ಹೊತ್ತಿಗೆ ಸಾಮಾನ್ಯವಾಗಿ ಇರುವವರು ಒಬ್ಬ ವೈದ್ಯಾಧಿಕಾರಿ ಮತ್ತು ಒಬ್ಬಿಬ್ಬರು ಶುಶ್ರೂಷಕಿಯರು. ಹೃದ್ರೋಗ ತಜ್ಞರು ಫೋನಿನಲ್ಲಿ ಸಿಗಬೇಕು, ರಕ್ತನಾಳದೊಳಗೆ ನಳಿಕೆ ತೂರಿಸಿ ಅಡಚಣೆ ತೆರೆಯುವ ಕ್ಯಾಥ್ ಲ್ಯಾಬಿಗೆ ಹೆಚ್ಚಾಗಿ ಹುಬ್ಬಳ್ಳಿ–ಧಾರವಾಡಕ್ಕೇ ಹೋಗಬೇಕು. ಹಾವೇರಿಯಿಂದ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಸುಮಾರು 70 ಕಿ.ಮೀ., ಗದಗದಿಂದ ಅಣ್ಣಿಗೇರಿ ಮಾರ್ಗವಾಗಿ 60 ಕಿ.ಮೀ. ಆಸುಪಾಸು, ಮುಂಡರಗಿಯಿಂದಲೋ ಹಿರೇಕೆರೂರಿನಿಂದಲೋ ಹೊರಟರೆ ದಾರಿ ಇನ್ನೂ ಉದ್ದ. ಯಾವ ರೋಗಿಯನ್ನು ಇಲ್ಲೇ ಇಟ್ಟುಕೊಂಡು ಕಾಯಬಹುದು, ಯಾರನ್ನು ತಕ್ಷಣ ಕಳುಹಿಸಬೇಕು, ಕಳುಹಿಸುವ ಮುನ್ನ ಏನು ಮಾಡಿರಬೇಕು ಎಂಬುದನ್ನು ನಿರ್ಧರಿಸಬೇಕಾದವರಿಗಾಗಿ ಈ ಬರಹ. ರೋಗಿಯ ಮನೆಯವರು ಓದಿದರೂ ಅಡ್ಡಿಯಿಲ್ಲ. ಆದರೆ ಇಲ್ಲಿರುವ ಔಷಧ ಪ್ರಮಾಣಗಳು ವಯಸ್ಕ ರೋಗಿಗೆ ಸಂಬಂಧಿಸಿದವು, ಮಾನಿಟರ್ ಜೋಡಿಸಿದ ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರಿಗೆ ಮಾತ್ರ ಉದ್ದೇಶಿಸಿದವು.

ಲಯದೋಷದ ಹೆಸರು ಪತ್ತೆಯಾದರೆ ಅರ್ಧ ಕೆಲಸ ಮುಗಿಯಿತು ಅಷ್ಟೆ. ಆಘಾತ ಹೃದಯದ ಯಾವ ಗೋಡೆಗೆ ಆಗಿದೆ ಎಂಬುದು ತಿಳಿದ ಮೇಲೆಯೇ ಆ ಹೆಸರಿನಿಂದ ಉಪಯೋಗ. ‘ಕಂಪ್ಲೀಟ್ ಹಾರ್ಟ್ ಬ್ಲಾಕ್’ (ಹೃದಯದ ಮೇಲಿನ ಕೋಣೆಗಳ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ತಲುಪದಿರುವುದು) ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಎರಡು ಸ್ಥಿತಿಗಳಲ್ಲಿ ಒಂದು ಬಹುಪಾಲು ವಾರದೊಳಗೆ ತಾನಾಗಿ ಸರಿಹೋಗುತ್ತದೆ, ಇನ್ನೊಂದು ಶಿಗ್ಗಾವಿ ದಾಟುವುದರೊಳಗೆ ಪ್ರಾಣ ತೆಗೆಯಬಹುದು.

ಮೊದಲು ರೋಗಿ, ಆಮೇಲೆ ಯಂತ್ರ

ಮಾನಿಟರ್ ಕೂಗಿಕೊಂಡಾಗ ಪರದೆ ನೋಡುವ ಮುನ್ನ ನಾಡಿ ಹಿಡಿಯಬೇಕು. ರೋಗಿ ಮಾತನಾಡುತ್ತಿದ್ದಾನೆಯೇ, ಮೈ ತಣ್ಣಗಾಗಿ ಬೆವೆತಿದೆಯೇ, ಸಿಸ್ಟಾಲಿಕ್ (ಮೇಲಿನ) ರಕ್ತದೊತ್ತಡ 90ಕ್ಕಿಂತ ಕೆಳಗಿದೆಯೇ, ಉಸಿರಾಟ ಕಷ್ಟವಾಗಿ ಶ್ವಾಸಕೋಶದ ಬುಡದಲ್ಲಿ ಗೊರಗೊರ ಕೇಳುತ್ತಿದೆಯೇ, ಎದೆನೋವು ಮರುಕಳಿಸಿದೆಯೇ ಎಂಬ ಪ್ರಶ್ನೆಗಳಿಗೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ, ಮತ್ತು ಮುಂದಿನ ಎಲ್ಲ ತೀರ್ಮಾನವೂ ಆ ಉತ್ತರದ ಮೇಲೆ ನಿಂತಿರುತ್ತದೆ. ನಮ್ಮ ಕಡೆಯ ರೋಗಿಗಳ ಮಾತಿಗೂ ಕಿವಿ ಕೊಡಬೇಕು. “ಎದಿ ಡವಡವ ಹೊಡ್ಕೊಳ್ಳಾಕತ್ತೇತ್ರೀ ಸಿಸ್ಟರ್” ಎನ್ನುವವರಿಗೆ ಹೆಚ್ಚಾಗಿ ಸ್ವಲ್ಪ ಸಮಯವಿರುತ್ತದೆ. “ಕಣ್ಣಿಗೆ ಕತ್ತಲಿ ಬಂದು ಹೋತ್ರಿ” ಎಂದವರಲ್ಲಿ ಹೃದಯ ಕೆಲವು ಸೆಕೆಂಡು ನಿಂತೇ ಇದ್ದಿರಬಹುದು. ಈ ಎರಡನೆಯ ಮಾತನ್ನು ತಲೆಸುತ್ತು ಎಂದು ಬರೆದು ಮುಂದೆ ಸಾಗುವಂತಿಲ್ಲ.

ನಾಡಿ ಸರಿಯಾಗಿದ್ದು ಪರದೆ ಮಾತ್ರ ಹುಚ್ಚೆದ್ದಿದ್ದರೆ ದೋಷ ತಂತಿಯಲ್ಲಿರುತ್ತದೆ. ಬೆವರಿಗೆ ಎಲೆಕ್ಟ್ರೋಡ್ ಬಿಟ್ಟುಕೊಂಡಿರಬಹುದು, ರೋಗಿ ಚಳಿಗೆ ನಡುಗುತ್ತಿರಬಹುದು, ಹಲ್ಲುಜ್ಜುತ್ತಿರಲೂಬಹುದು. ಈ ಅಲುಗಾಟ ಪರದೆಯ ಮೇಲೆ ಥೇಟ್ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾದಂತೆ (ಹೃದಯದ ಕೆಳಕೋಣೆಗಳಿಂದ ಹುಟ್ಟುವ ಅಪಾಯಕಾರಿ ವೇಗದ ಲಯ) ಕಾಣುತ್ತದೆ, ಆದರೆ ಅದರ ನಡುವೆ ಮೊದಲಿನ ಕಿರಿದಾದ ಕ್ಯೂಆರ್‌ಎಸ್‌ಗಳು (ಕೆಳಕೋಣೆಗಳ ಬಡಿತ ಮೂಡಿಸುವ ಚೂಪು ಅಲೆಗಳು) ತಮ್ಮ ಅಂತರ ಬಿಡದೆ ಸಾಗಿರುವುದು ಗಮನಿಸಿದರೆ ಸಿಗುತ್ತದೆ. ಕ್ಯೂಆರ್‌ಎಸ್‌ನ ನಂತರ ಬರುವ ಟಿ ಅಲೆ ಎತ್ತರವಾಗಿದ್ದರೆ ಯಂತ್ರ ಅದನ್ನೂ ಬಡಿತವೆಂದು ಎಣಿಸಿ ಎರಡು ಪಟ್ಟು ಸಂಖ್ಯೆ ತೋರಿಸುತ್ತದೆ. ಸರಳ ರೇಖೆ ಕಂಡಾಗ ನಾಡಿ ಹಿಡಿದುಕೊಂಡೇ ಲೀಡ್ ಬಿಚ್ಚಿದೆಯೇ, ಗೇನ್ (ಅಲೆಯನ್ನು ಹಿಗ್ಗಿಸಿ ತೋರಿಸುವ ಮಟ್ಟ) ಕಡಿಮೆಯಾಗಿದೆಯೇ ಎಂದು ನೋಡಿ, ಇನ್ನೊಂದು ಲೀಡಿನಲ್ಲೂ ಖಚಿತಪಡಿಸಿಕೊಳ್ಳಬೇಕು. ಇದಿಷ್ಟೂ ಹತ್ತು ಸೆಕೆಂಡಿನ ಕೆಲಸ. ನಾಡಿಯಿಲ್ಲದ ರೋಗಿಯಲ್ಲಿ ಇದಕ್ಕಾಗಿ ಎದೆ ಒತ್ತುವುದನ್ನು ತಡಮಾಡಬಾರದು.

ಲಯ ನಿಜವಾಗಿಯೂ ಬದಲಾಗಿದೆ ಎಂದಾದರೆ 12 ಲೀಡಿನ ಇಸಿಜಿ ಹೊಸದಾಗಿ ತೆಗೆದು, ದಾಖಲಾದಾಗಿನ ಇಸಿಜಿಯ ಪಕ್ಕದಲ್ಲಿಡಬೇಕು. ಕಾಗದ ಸೆಕೆಂಡಿಗೆ 25 ಮಿ.ಮೀ. ವೇಗದಲ್ಲಿ ಓಡಿದೆಯೇ ಎಂದು ಮೊದಲು ನೋಡಿ, ರಿದಮ್ ಪಟ್ಟಿಯ 50 ದೊಡ್ಡ ಚೌಕಗಳಲ್ಲಿ, ಅಂದರೆ 10 ಸೆಕೆಂಡಿನಲ್ಲಿ, ಬಂದ ಕ್ಯೂಆರ್‌ಎಸ್‌ಗಳನ್ನು ಎಣಿಸಿ 6ರಿಂದ ಗುಣಿಸಿದರೆ ನಿಮಿಷದ ಬಡಿತ ಸಿಗುತ್ತದೆ. ಲಯ ಏರುಪೇರಾಗಿದ್ದಾಗ ಯಂತ್ರ ಮೇಲೆ ಮುದ್ರಿಸುವ ಸಂಖ್ಯೆಗಿಂತ ಈ ಎಣಿಕೆಯೇ ವಾಸಿ. ರಕ್ತವನ್ನು ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ರಿಯಾಟಿನಿನ್ ಪರೀಕ್ಷೆಗೆ ಕಳುಹಿಸುವುದೂ ಇದೇ ಹೊತ್ತಿನ ಕೆಲಸ. ಹೃದಯಾಘಾತದ ರೋಗಿಯಲ್ಲಿ ಪೊಟ್ಯಾಸಿಯಂ 4ಕ್ಕಿಂತ, ಮೆಗ್ನೀಸಿಯಂ 2ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ರೂಢಿ.

ನಾಡಿ ನಿಧಾನವಾದಾಗ

ರಕ್ತನಾಳದ ನಕ್ಷೆ ಇಲ್ಲಿ ನೆನಪಿನಲ್ಲಿರಬೇಕು. ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರ ಎವಿ ನೋಡ್‌ಗೆ (ಮೇಲಿನ ಕೋಣೆಗಳ ಸಂಕೇತವನ್ನು ಕೆಳಕ್ಕೆ ದಾಟಿಸುವ ಗಂಟು) ಬಲ ಕೊರೊನರಿ ಅಪಧಮನಿಯಿಂದ ರಕ್ತ ಬರುತ್ತದೆ. ಹೃದಯದ ಕೆಳಗೋಡೆಗೂ, ಅಂದರೆ ಇನ್ಫೀರಿಯರ್ ವಾಲ್‌ಗೂ, ಹೆಚ್ಚಾಗಿ ಅದೇ ನಾಳ ರಕ್ತ ಕೊಡುತ್ತದೆ. ಮುಂಗೋಡೆಗೆ ರಕ್ತ ಕೊಡುವ ಎಲ್‌ಎಡಿ ನಾಳದ ಕವಲುಗಳು ನಡುಗೋಡೆಯೊಳಗೆ ಹೊಕ್ಕು, ಆ ಸಂಕೇತವನ್ನು ಮುಂದಕ್ಕೆ ಒಯ್ಯುವ ತಂತುಗಳಾದ ಬಲ ಬಂಡಲನ್ನೂ ಎಡ ಬಂಡಲಿನ ಮುಂಭಾಗವನ್ನೂ ಸಾಕುತ್ತವೆ. ಹೀಗಾಗಿ ಎರಡು, ಮೂರು ಹಾಗೂ ಎವಿಎಫ್ ಲೀಡುಗಳಲ್ಲಿ ಎಸ್‌ಟಿ (ಕ್ಯೂಆರ್‌ಎಸ್ ಮತ್ತು ಟಿ ನಡುವಿನ ಗೆರೆ) ಏರಿದ್ದ ರೋಗಿಯಲ್ಲಿ ಬ್ಲಾಕ್ ಬಂದರೆ ಅಡಚಣೆ ಮೇಲೆ, ಎವಿ ನೋಡ್‌ನಲ್ಲಿರುತ್ತದೆ. ವಿ1ರಿಂದ ವಿ4ರವರೆಗೆ ಎಸ್‌ಟಿ ಏರಿದ್ದ ರೋಗಿಯಲ್ಲಿ ಬಂದರೆ ಅಡಚಣೆ ಕೆಳಗೆ, ಬಂಡಲುಗಳಲ್ಲಿರುತ್ತದೆ. ಅಷ್ಟು ಆಳದ ವಹನ ವ್ಯವಸ್ಥೆಯೇ ಸತ್ತಿದೆ ಎಂದರೆ ಸುತ್ತಲಿನ ಸ್ನಾಯುವೂ ದೊಡ್ಡ ಪ್ರಮಾಣದಲ್ಲಿ ಸತ್ತಿದೆ ಎಂದೇ ಅರ್ಥ.

ಕೆಳಗೋಡೆಯದನ್ನು ಮೊದಲು ನೋಡೋಣ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ, ಐವತ್ತೈದರ ಆಸುಪಾಸಿನ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳಿ: ಬೆಳಗಿನ ಜಾವದಿಂದ ಬೆವರು, ವಾಂತಿ, ನಾಡಿ 42, ರಕ್ತದೊತ್ತಡ 100/60, ಮಾತು ಸ್ಪಷ್ಟ. ರಿದಮ್ ಪಟ್ಟಿಯ ಮೇಲೆ ಒಂದು ಬಿಳಿ ಕಾಗದದ ಅಂಚನ್ನು ಇಟ್ಟು, ಕಣ್ಣಿಗೆ ಕಾಣುವ ಎರಡು ಪಿ ಅಲೆಗಳ (ಮೇಲಿನ ಕೋಣೆಗಳ ಬಡಿತದ ಗುರುತು) ನೆತ್ತಿಗೆ ಪೆನ್ನಿನಿಂದ ಗುರುತು ಹಾಕಿ, ಆ ಕಾಗದವನ್ನು ಬಲಕ್ಕೆ ಸರಿಸುತ್ತಾ ಹೋದರೆ ಪ್ರತಿ 16 ಸಣ್ಣ ಚೌಕಕ್ಕೊಂದು ಪಿ ತಪ್ಪದೆ ಸಿಗುತ್ತದೆ. ಕೆಲವು ಪಿಗಳು ಕ್ಯೂಆರ್‌ಎಸ್‌ನೊಳಗೆ ಅಡಗಿರುತ್ತವೆ, ಕೆಲವು ಟಿ ಅಲೆಯ ಬೆನ್ನ ಮೇಲೆ ಸಣ್ಣ ಗುಬ್ಬಿಯಾಗಿ ಕಾಣುತ್ತವೆ. ಕ್ಯೂಆರ್‌ಎಸ್‌ಗಳು ತಮ್ಮ ಪಾಡಿಗೆ 36 ಚೌಕಕ್ಕೊಂದರಂತೆ ಬರುತ್ತಿವೆ, ಪ್ರತಿಯೊಂದೂ ಎರಡೇ ಚೌಕ ಅಗಲ. ಪಿ ನಿಮಿಷಕ್ಕೆ 94ರಷ್ಟು, ಕ್ಯೂಆರ್‌ಎಸ್ 42ರಷ್ಟು, ಒಂದಕ್ಕೊಂದು ಸಂಬಂಧವಿಲ್ಲ. ಇದು ಸಂಪೂರ್ಣ ಬ್ಲಾಕ್ ಹೌದು. ಆದರೆ ಕ್ಯೂಆರ್‌ಎಸ್ ಕಿರಿದಾಗಿದೆ, ಬ್ಲಾಕಿನ ಕೆಳಗಿನಿಂದ ಹೃದಯ ತಾನೇ ಹುಟ್ಟಿಸಿಕೊಂಡ ಬದಲಿ ಲಯ 40ರ ಮೇಲಿದೆ, ರೋಗಿ ಸ್ಥಿರವಾಗಿದ್ದಾರೆ. ಇಂಥವರಿಗೆ ಗಾಬರಿಯಿಂದ ಏನನ್ನೂ ಚುಚ್ಚುವ ಅಗತ್ಯವಿಲ್ಲ. ರಕ್ತನಾಳ ತೆರೆಯುವ ಚಿಕಿತ್ಸೆಯೇ ಈ ಬ್ಲಾಕಿಗೂ ಚಿಕಿತ್ಸೆ, ಮತ್ತು ಬ್ಲಾಕ್ ಇದೆ ಎಂಬ ಕಾರಣಕ್ಕೆ ಅದನ್ನು ಮುಂದೂಡುವುದು ಸಲ್ಲದು.

ಅದೇ ರೋಗಿಯ ರಕ್ತದೊತ್ತಡ 80ಕ್ಕೆ ಇಳಿದು ಮಂಪರು ಕವಿದರೆ ಅಟ್ರೋಪಿನ್ ಕೊಡಬೇಕು. ನಮ್ಮಲ್ಲಿ ಬರುವ ಆಂಪೂಲಿನಲ್ಲಿ ಸಾಮಾನ್ಯವಾಗಿ 0.6 ಮಿ.ಗ್ರಾಂ ಇರುತ್ತದೆ, ಎರಡು ಆಂಪೂಲನ್ನು ರಕ್ತನಾಳಕ್ಕೆ ಒಮ್ಮೆಲೇ ಕೊಟ್ಟು, 3ರಿಂದ 5 ನಿಮಿಷ ಕಾದು ನೋಡಿ, ಬೇಕಾದರೆ ಪುನಃ ಕೊಡಬಹುದು, ಒಟ್ಟು 3 ಮಿ.ಗ್ರಾಂ ಮೀರಬಾರದು. ಅರ್ಧ ಆಂಪೂಲು ಕೊಟ್ಟು ನೋಡೋಣ ಎನ್ನುವ ಮಿತವ್ಯಯ ಇಲ್ಲಿ ತಿರುಗುಬಾಣವಾಗಬಹುದು, ಏಕೆಂದರೆ 0.5 ಮಿ.ಗ್ರಾಂಗಿಂತ ಕಡಿಮೆ ಪ್ರಮಾಣ ಕೆಲವೊಮ್ಮೆ ನಾಡಿಯನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಮೊದಲ ಕೆಲವು ಗಂಟೆಗಳ ಬ್ಲಾಕ್ ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಪ್ರಭಾವದಿಂದ ಬಂದದ್ದಾದ್ದರಿಂದ ಅಟ್ರೋಪಿನ್‌ಗೆ ಚೆನ್ನಾಗಿ ಮಣಿಯುತ್ತದೆ. ಒಂದು ದಿನ ಕಳೆದ ಮೇಲೆ ಬಂದದ್ದು ಅಷ್ಟಾಗಿ ಮಣಿಯುವುದಿಲ್ಲ, ಆದರೂ ದಿನಗಳೆದಂತೆ ಮೂರನೆಯ ದರ್ಜೆಯಿಂದ, ಅಂದರೆ ಸಂಪೂರ್ಣ ಬ್ಲಾಕಿನಿಂದ, ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯುತ್ತಾ ಬಿಡುತ್ತದೆ. ನಾಡಿ ಏರಿದರೂ ರಕ್ತದೊತ್ತಡ ಏರದಿದ್ದರೆ ಬಲ ಹೃತ್ಕುಕ್ಷಿಗೂ ಪೆಟ್ಟು ಬಿದ್ದಿರಬಹುದೆಂದು ಎಣಿಸಿ ಎದೆಯ ಬಲಭಾಗದಲ್ಲಿ ವಿ4ಆರ್ ಲೀಡ್ ತೆಗೆಯಬೇಕು. ನಿಜಕ್ಕಾದರೆ ಕೆಳಗೋಡೆಯ ಆಘಾತವಿರುವ ಪ್ರತಿಯೊಬ್ಬರಿಗೂ ಇದನ್ನು ದಾಖಲಾದ ಕೂಡಲೇ ತೆಗೆದಿಡುವುದು ಉತ್ತಮ. ಅಲ್ಲಿ ಎಸ್‌ಟಿ ಏರಿದ್ದು ಶ್ವಾಸಕೋಶ ಶುಭ್ರವಾಗಿದ್ದರೆ 250 ಮಿ.ಲೀ. ನಾರ್ಮಲ್ ಸಲೈನ್ ಬೇಗ ಹರಿಸಿ ನೋಡಬೇಕು. ನಾಲಿಗೆಯಡಿಯ ಸಾರ್ಬಿಟ್ರೇಟ್, ನೈಟ್ರೋಗ್ಲಿಸರಿನ್ ಡ್ರಿಪ್, ಫ್ಯೂರೋಸೆಮೈಡ್ ಈ ರೋಗಿಗೆ ಕೂಡದು.

ಮುಂಗೋಡೆಯ ಬ್ಲಾಕಿಗೆ ಇಷ್ಟು ಸಾವಧಾನ ಇಲ್ಲ. ಇಲ್ಲಿ ಪಿಆರ್ ಅಂತರ (ಪಿ ಶುರುವಾದಲ್ಲಿಂದ ಕ್ಯೂಆರ್‌ಎಸ್ ಶುರುವಾಗುವವರೆಗಿನ ಸಮಯ) ಕ್ರಮೇಣ ಉದ್ದವಾಗಿ ಎಚ್ಚರಿಕೆ ಕೊಡುವುದಿಲ್ಲ; ಪಿಆರ್ ಒಂದೇ ಅಳತೆಯಲ್ಲಿರುವಾಗಲೇ ಒಂದು ಕ್ಯೂಆರ್‌ಎಸ್ ಥಟ್ಟನೆ ಬಿಟ್ಟುಹೋಗುತ್ತದೆ. ಇದೇ ಮೊಬಿಟ್ಜ್ ಎರಡನೆಯ ಬಗೆ. ಮೂರು ಚೌಕಕ್ಕಿಂತ ಅಗಲವಾದ ಕ್ಯೂಆರ್‌ಎಸ್, ಹೊಸದಾಗಿ ಕಾಣಿಸಿಕೊಂಡ ಬಲ ಬಂಡಲ್ ಬ್ಲಾಕಿನೊಂದಿಗೆ ಎಡಕ್ಕೆ ವಾಲಿದ ಅಕ್ಷ, ಅಥವಾ ಒಂದು ಇಸಿಜಿಯಲ್ಲಿ ಬಲ, ಇನ್ನೊಂದರಲ್ಲಿ ಎಡ ಎಂದು ಅದಲುಬದಲಾಗುವ ಬಂಡಲ್ ಬ್ಲಾಕ್ ಕಂಡರೆ ಸಂಪೂರ್ಣ ಬ್ಲಾಕ್ ಹೊಸ್ತಿಲಲ್ಲಿ ನಿಂತಿದೆ ಎಂದೇ ತಿಳಿಯಬೇಕು. ಅದು ಬಂದಾಗ ಬದಲಿ ಲಯ ನಿಮಿಷಕ್ಕೆ 20ರಿಂದ 40ರಷ್ಟು ಮಾತ್ರ, ಅದೂ ನಂಬಿಕೆಗೆ ಅರ್ಹವಲ್ಲ. ಅಟ್ರೋಪಿನ್ ಇಲ್ಲಿ ಹೆಚ್ಚಾಗಿ ನಿಷ್ಪ್ರಯೋಜಕ. ಕೆಲವೊಮ್ಮೆ ಅದು ಮೇಲಿನ ಸೈನಸ್ ವೇಗವನ್ನು ಹೆಚ್ಚಿಸಿ, ಕೆಳಗಿನ ಸುಸ್ತಾದ ಬಂಡಲ್ ಮೊದಲಿಗಿಂತ ಕಡಿಮೆ ಬಡಿತಗಳನ್ನು ದಾಟಿಸುವಂತೆ ಮಾಡುತ್ತದೆ. ವಿದ್ಯುತ್ ಮಿಡಿತದಿಂದ ಹೃದಯವನ್ನು ಬಡಿಸುವ ಪೇಸಿಂಗ್ ಪ್ಯಾಡುಗಳನ್ನು ಎದೆಗೆ ಅಂಟಿಸಿ, ಅಡ್ರಿನಲಿನ್ ನಿಮಿಷಕ್ಕೆ 2ರಿಂದ 10 ಮೈಕ್ರೋಗ್ರಾಂನಂತೆ ಅಥವಾ ಡೋಪಮಿನ್ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 5ರಿಂದ 20 ಮೈಕ್ರೋಗ್ರಾಂನಂತೆ ಆರಂಭಿಸಿ, ತಾತ್ಕಾಲಿಕ ಪೇಸ್‌ಮೇಕರ್ ಹಾಕುವ ಕೇಂದ್ರಕ್ಕೆ ಕಳುಹಿಸಬೇಕು.

ಎರಡಕ್ಕೊಂದು ಬ್ಲಾಕ್, ಅಂದರೆ ಪ್ರತಿ ಎರಡನೆಯ ಪಿಯ ಹಿಂದೆ ಕ್ಯೂಆರ್‌ಎಸ್ ಬಾರದ ಸ್ಥಿತಿ, ಮೊಬಿಟ್ಜ್ ಒಂದನೆಯ ಬಗೆಯದೋ (ಪಿಆರ್ ಕ್ರಮೇಣ ಉದ್ದವಾಗುವಂಥದ್ದು) ಎರಡನೆಯದೋ ಎಂಬ ಚರ್ಚೆ ಪರೀಕ್ಷೆಯ ಕೋಣೆಗೆ ಇರಲಿ. ಕ್ಯೂಆರ್‌ಎಸ್ ಅಗಲವನ್ನೂ ಆಘಾತದ ಗೋಡೆಯನ್ನೂ ನೋಡಿ ಮೇಲಿನ ಎರಡರಲ್ಲಿ ಒಂದು ದಾರಿ ಹಿಡಿದರಾಯಿತು.

ನಾಡಿ ನಿಧಾನವಾಗಲು ಹೃದಯಾಘಾತವೇ ಕಾರಣವಾಗಿರಬೇಕಿಲ್ಲ. ಕೇಸ್ ಶೀಟಿನಲ್ಲಿ ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್, ಐವಬ್ರಡಿನ್ ಇವೆಯೇ ನೋಡಬೇಕು. ಪಿಆರ್ ಅಂತರ 0.24 ಸೆಕೆಂಡ್, ಅಂದರೆ ಆರು ಸಣ್ಣ ಚೌಕ, ಮೀರಿದವರಿಗೂ ನಾಡಿ 60ಕ್ಕಿಂತ ಕೆಳಗಿರುವವರಿಗೂ ಬೀಟಾ ಬ್ಲಾಕರ್ ಆರಂಭಿಸುವಂತಿಲ್ಲ. ಹಿಂದಿನ ಪಾಳಿಯವರು ವಾಡಿಕೆಯಂತೆ ಬರೆದಿದ್ದರೆ ಹೊಡೆದುಹಾಕಬೇಕು. ಮೂತ್ರಪಿಂಡದ ತೊಂದರೆ ಇದ್ದು ಸ್ಪೈರೋನೊಲ್ಯಾಕ್ಟೋನ್, ರಾಮಿಪ್ರಿಲ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಏರಿ ಪಿ ಅಲೆ ಮಾಯವಾಗಿ ಕ್ಯೂಆರ್‌ಎಸ್ ಅಗಲವಾಗಿದ್ದರೆ, ವರದಿಗೆ ಕಾಯದೆ 10 ಶೇಕಡಾ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ನಿಧಾನವಾಗಿ ಕೊಡಬೇಕು. ನಮ್ಮ ಸೀಮೆಗೆ ಸೇರಿದ ಇನ್ನೆರಡು ಕಾರಣಗಳನ್ನೂ ಮರೆಯುವಂತಿಲ್ಲ: ಹತ್ತಿ, ಮೆಣಸಿನ ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಮತ್ತು ಹಳದಿ ಕಣಗಿಲೆಯ ಬೀಜ. ಕಿರಿಯ ವಯಸ್ಸು, ಎದೆನೋವಿಲ್ಲದ ವಾಂತಿ, ನಿಧಾನ ನಾಡಿ ಮೂರೂ ಸೇರಿದರೆ ಮನೆಯವರನ್ನು ಪಕ್ಕಕ್ಕೆ ಕರೆದು ಸಮಾಧಾನದಿಂದ ಕೇಳಬೇಕು. ಪಾಪೆ ಸೂಜಿಮೊನೆಯಷ್ಟಾಗಿ ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ ಕೀಟನಾಶಕ ಕುಡಿದಿರುವ ಸಾಧ್ಯತೆ ಹೆಚ್ಚು. ಕಣಗಿಲೆಯ ವಿಷ ಡಿಗಾಕ್ಸಿನ್‌ನಂತೆ ವರ್ತಿಸಿ ಯಾವ ದರ್ಜೆಯ ಬ್ಲಾಕನ್ನಾದರೂ ತರಬಲ್ಲದು.

ಪೇಸಿಂಗ್ ಯಂತ್ರ ಕೆಲಸ ಮಾಡುತ್ತಿದೆಯೇ

ಎದೆಯ ಮೇಲಿನಿಂದ ಪೇಸ್ ಮಾಡುವಾಗ ಒಂದು ಪ್ಯಾಡ್ ಎದೆಯ ಎಡಭಾಗಕ್ಕೂ ಇನ್ನೊಂದು ಬೆನ್ನಿಗೂ ಬರಬೇಕು. ಡಿಮ್ಯಾಂಡ್ ಮೋಡ್‌ನಲ್ಲಿ ಯಂತ್ರ ರೋಗಿಯ ಸ್ವಂತ ಬಡಿತವನ್ನು ಗುರುತಿಸಬೇಕಾದ್ದರಿಂದ ಇಸಿಜಿ ತಂತಿಗಳೂ ಅದೇ ಯಂತ್ರಕ್ಕೆ ಸೇರಿರಬೇಕು. ವೇಗವನ್ನು 60ರಿಂದ 80ರ ನಡುವೆ ಇಟ್ಟು, ಯಂತ್ರದ ಮಿಡಿತ ಪರದೆಯಲ್ಲಿ ಮೂಡಿಸುವ ಪ್ರತಿ ಗೆರೆಯ ಬೆನ್ನಲ್ಲೇ ಅಗಲವಾದ ಕ್ಯೂಆರ್‌ಎಸ್ ಮತ್ತು ಅದರ ಟಿ ಅಲೆ ಬರುವವರೆಗೆ ಮಿಲಿಆಂಪಿಯರ್ ಏರಿಸುತ್ತಾ ಹೋಗಿ, ಅಲ್ಲಿಂದ ಸ್ವಲ್ಪ ಮೇಲಕ್ಕೆ ನಿಲ್ಲಿಸಬೇಕು. ಗೆರೆ ಕಂಡಿತೆಂದರೆ ಹೃದಯ ಬಡಿಯಿತೆಂದಲ್ಲ. ತೊಡೆಸಂದಿನ ನಾಡಿ ಹಿಡಿದು, ಅಥವಾ ಬೆರಳಿನ ಆಕ್ಸಿಮೀಟರ್ ಅಲೆ ನೋಡಿ ಖಚಿತಪಡಿಸಿಕೊಳ್ಳಬೇಕು; ಕುತ್ತಿಗೆಯ ನಾಡಿಯನ್ನು ನಂಬುವಂತಿಲ್ಲ, ಏಕೆಂದರೆ ಕರೆಂಟಿಗೆ ಅಲ್ಲಿನ ಸ್ನಾಯುಗಳೇ ಕುಣಿಯುತ್ತಿರುತ್ತವೆ. ಎಚ್ಚರವಿರುವ ರೋಗಿಗೆ ಇದು ಬಹಳ ನೋವಿನ ವಿಷಯ. ಉಸಿರು ಮತ್ತು ರಕ್ತದೊತ್ತಡ ಗಮನಿಸುತ್ತಾ ನೋವುನಿವಾರಕ, ಮಂಪರಿನ ಔಷಧ ಕೊಡಬೇಕು. ಸಿರೆಯ ಮೂಲಕ ತಂತಿ ಹಾಕಿ ಕಳುಹಿಸಿದ ರೋಗಿಯಲ್ಲಿ ಗೆರೆಯಿದ್ದೂ ಬಡಿತವಿಲ್ಲವಾದರೆ ಮೊದಲು ಜೋಡಣೆ ಬಿಗಿಯಿದೆಯೇ, ಬ್ಯಾಟರಿ ಇದೆಯೇ ನೋಡಿ ಔಟ್‌ಪುಟ್ ಏರಿಸಬೇಕು. ತಂತಿ ಜರುಗಿರುವ ಸಾಧ್ಯತೆ ಅದರ ನಂತರದ್ದು.

ನಾಡಿ ವೇಗವಾದಾಗ

ಕಿರಿದಾದ ಕ್ಯೂಆರ್‌ಎಸ್‌ನ ವೇಗದ ಲಯಗಳನ್ನು ಬೇಗ ಮುಗಿಸಬಹುದು. ಸೈನಸ್ ಟ್ಯಾಕಿಕಾರ್ಡಿಯಾ (ಸಹಜ ಲಯವೇ ವೇಗವಾಗಿರುವುದು) ರೋಗವಲ್ಲ, ದೂರು; ನೋವು, ಜ್ವರ, ರಕ್ತಸ್ರಾವ, ಸೋಲುತ್ತಿರುವ ಹೃದಯ ಇವುಗಳಲ್ಲಿ ಯಾವುದೆಂದು ಹುಡುಕಬೇಕೇ ಹೊರತು ಸಂಖ್ಯೆ ಇಳಿಸಲೆಂದು ಮೆಟೊಪ್ರೊಲಾಲ್ ಚುಚ್ಚಬಾರದು. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ (ಮೇಲಿನ ಕೋಣೆಗಳ ಅಡ್ಡಾದಿಡ್ಡಿ ಕಂಪನ) ರಕ್ತದೊತ್ತಡ ಕುಸಿದಿದ್ದರೆ ಸಿಂಕ್ ಮಾಡಿದ, ಅಂದರೆ ಕ್ಯೂಆರ್‌ಎಸ್‌ಗೆ ಹೊಂದಿಸಿದ, 120ರಿಂದ 200 ಜೂಲ್ ಷಾಕ್; ಕುಸಿದಿಲ್ಲ, ಶ್ವಾಸಕೋಶ ಶುಭ್ರವಾಗಿದೆ ಎಂದರೆ ಬೀಟಾ ಬ್ಲಾಕರ್; ಹೃದಯ ಸೋತಿದ್ದರೆ ಅಮಿಯೊಡರಾನ್ ಅಥವಾ ಡಿಗಾಕ್ಸಿನ್.

ಅಗಲವಾದ ಕ್ಯೂಆರ್‌ಎಸ್‌ನೊಂದಿಗೆ ನಾಡಿ 120 ಮೀರಿದೆ, ಹೃದಯಾಘಾತವಾಗಿದೆ ಎಂದರೆ ಅದು ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಎಂದೇ ನಂಬಿ ನಡೆಯಬೇಕು. ರೋಗಿ ಎದ್ದು ಕುಳಿತು ಚಹಾ ಕೇಳುತ್ತಿದ್ದಾನೆ ಎಂಬುದು ಅದನ್ನು ಅಲ್ಲಗಳೆಯುವ ಸಾಕ್ಷಿಯಲ್ಲ. ಎಸ್‌ವಿಟಿ (ಮೇಲಿನ ಭಾಗದಿಂದ ಹುಟ್ಟುವ ವೇಗದ ಲಯ) ಇರಬಹುದೆಂಬ ಊಹೆಯ ಮೇಲೆ ವೆರಪಮಿಲ್ ಕೊಟ್ಟರೆ ಆ ರಕ್ತದೊತ್ತಡ ಮತ್ತೆ ಮೇಲೇಳದೆ ಹೋಗಬಹುದು. ಸ್ಥಿರವಾಗಿರುವವರಿಗೆ ಅಮಿಯೊಡರಾನ್ 150 ಮಿ.ಗ್ರಾಂ ಅನ್ನು ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿ 10 ನಿಮಿಷದಲ್ಲಿ ಕೊಟ್ಟು, ಮುಂದಿನ 6 ಗಂಟೆ ನಿಮಿಷಕ್ಕೆ 1 ಮಿ.ಗ್ರಾಂನಂತೆ, ಆಮೇಲೆ 18 ಗಂಟೆ 0.5 ಮಿ.ಗ್ರಾಂನಂತೆ ಹರಿಸಬೇಕು. ಅಸ್ಥಿರರಾಗಿದ್ದರೆ 100 ಜೂಲ್‌ನಿಂದ ಆರಂಭಿಸಿ ಸಿಂಕ್ ಷಾಕ್. ಇಲ್ಲಿ ಯಂತ್ರದ ಒಂದು ಗುಣ ಗೊತ್ತಿರಬೇಕು: ಹಲವು ಡಿಫಿಬ್ರಿಲೇಟರುಗಳು ಪ್ರತಿ ಷಾಕಿನ ನಂತರ ತಾವಾಗಿಯೇ ಸಿಂಕ್‌ನಿಂದ ಹೊರಬರುತ್ತವೆ, ಆದ್ದರಿಂದ ಎರಡನೆಯ ಷಾಕಿಗೆ ಗುಂಡಿಯನ್ನು ಮತ್ತೆ ಒತ್ತಬೇಕು. ಇದಕ್ಕೆ ತಿರುವುಮುರುವಾಗಿ, ರೋಗಿ ವೆಂಟ್ರಿಕ್ಯುಲರ್ ಫಿಬ್ರಿಲೇಶನ್‌ಗೆ (ಕೆಳಕೋಣೆಗಳು ಬಡಿಯದೆ ಬರೀ ಕಂಪಿಸುವ ಸ್ಥಿತಿ) ಜಾರಿದಾಗ ಸಿಂಕ್ ಒತ್ತಿಯೇ ಇದ್ದರೆ ಯಂತ್ರ ಕ್ಯೂಆರ್‌ಎಸ್‌ಗಾಗಿ ಕಾಯುತ್ತಾ ಕೂರುತ್ತದೆ, ಷಾಕ್ ಬರುವುದೇ ಇಲ್ಲ. ‘ಮಷಿನ್ ಕೆಟ್ಟೈತ್ರಿ’ ಎಂಬ ಕೂಗಿಗೆ ಮೊದಲು ನೋಡಬೇಕಾದ ಜಾಗ ಅದೇ ಗುಂಡಿ.

ಕ್ಯೂಆರ್‌ಎಸ್ ಅಗಲವಾಗಿದ್ದರೂ ವೇಗ 60ರಿಂದ 110ರ ನಡುವೆ ಇದ್ದರೆ ಕೈ ಕಟ್ಟಿ ಕೂರಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡುವಂತಾದ ಮೇಲೆ ಈ ಲಯ ನಮ್ಮ ಕಣ್ಣೆದುರೇ ಕಾಣಿಸಿಕೊಳ್ಳುತ್ತದೆ: ಇಂಜೆಕ್ಷನ್ ಆಗಿ ಒಂದು ಗಂಟೆಯ ಆಸುಪಾಸಿನಲ್ಲಿ ನೋವು ಇಳಿಯುತ್ತದೆ, ಎಸ್‌ಟಿ ಕೆಳಗೆ ಬರುತ್ತದೆ, ಪರದೆಯ ಮೇಲೆ 85ರ ವೇಗದಲ್ಲಿ ಅಗಲ ಬಡಿತಗಳ ಸಾಲು ಶುರುವಾಗುತ್ತದೆ. ಇದು ಎಐವಿಆರ್, ಮುಚ್ಚಿದ್ದ ನಾಳ ತೆರೆದುಕೊಂಡಾಗ ಹಲವರಲ್ಲಿ ಬರುವ ಲಯ. ಅಮಿಯೊಡರಾನ್ ಅಥವಾ ಲಿಗ್ನೊಕೈನ್ ಕೊಟ್ಟು ಇದನ್ನು ಅಡಗಿಸಲು ಹೋದರೆ ರೋಗಿಗೆ ಆಗ ಆಸರೆಯಾಗಿದ್ದ ಲಯವನ್ನೇ ಕಿತ್ತುಕೊಂಡಂತಾಗಬಹುದು. ಅಲ್ಲೊಂದು ಇಲ್ಲೊಂದು ಬರುವ ವೆಂಟ್ರಿಕ್ಯುಲರ್ ಎಕ್ಟೋಪಿಕ್ ಬಡಿತಗಳಿಗೂ (ಕೆಳಕೋಣೆಯಿಂದ ಅವಧಿಗೆ ಮುನ್ನ ಹುಟ್ಟುವ ಬಡಿತಗಳು) ಇದೇ ನಿಯಮ. ಅವುಗಳನ್ನು ಅಡಗಿಸಿದರೆ ಸಾವು ತಪ್ಪುತ್ತದೆಂಬ ನಂಬಿಕೆ ಬಹುಕಾಲ ಇತ್ತು. 1989ರಲ್ಲಿ ಹೊರಬಂದ ಕಾಸ್ಟ್ ಅಧ್ಯಯನದ ಫಲಿತಾಂಶದಲ್ಲಿ, ಲಯ ನಿಯಂತ್ರಕ ಔಷಧಗಳಾದ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಪಡೆದವರ ಎಕ್ಟೋಪಿಕ್‌ಗಳು ಅಡಗಿದ್ದವು, ಸಾವು ಮಾತ್ರ ಹೆಚ್ಚಾಗಿತ್ತು.

ಕ್ಯೂಆರ್‌ಎಸ್‌ನ ಆಕಾರ ಬಡಿತದಿಂದ ಬಡಿತಕ್ಕೆ ಬದಲಾಗುತ್ತಾ ಹೆಣೆದಂತೆ ತಿರುಚುತ್ತಿದ್ದರೆ, ಲಯ ಮರಳಿದ ಕೂಡಲೇ ಕ್ಯೂಟಿ ಅಂತರ (ಕ್ಯೂಆರ್‌ಎಸ್ ಶುರುವಾದಲ್ಲಿಂದ ಟಿ ಮುಗಿಯುವವರೆಗಿನ ಸಮಯ) ಅಳೆಯಬೇಕು. ಅದು ಉದ್ದವಾಗಿದ್ದರೆ ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ. ಐಸಿಯುನಲ್ಲಿ ಇಲ್ಲದಿದ್ದರೆ ಹೆರಿಗೆ ವಾರ್ಡಿನಲ್ಲಿ ಖಂಡಿತ ಇರುತ್ತದೆ. ವಾಂತಿಗೆಂದು ಕೊಟ್ಟ ಒಂಡಾನ್ಸೆಟ್ರಾನ್, ಕೆಮ್ಮಿಗೆಂದು ಬರೆದ ಅಜಿಥ್ರೊಮೈಸಿನ್ ನಿಲ್ಲಿಸಬೇಕು. ಕ್ಯೂಟಿ ಸಾಮಾನ್ಯವಾಗಿದ್ದರೆ ರಕ್ತದ ಕೊರತೆ ಮುಂದುವರಿದಿದೆ ಎಂದರ್ಥ. ನಾಳ ಮತ್ತೆ ಮುಚ್ಚಿರಬಹುದು, ಬೇಗ ಕಳುಹಿಸಬೇಕು.

ನಾಡಿಯೇ ಇಲ್ಲದ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಮತ್ತು ವೆಂಟ್ರಿಕ್ಯುಲರ್ ಫಿಬ್ರಿಲೇಶನ್‌ಗೆ ವಿಳಂಬವಿಲ್ಲದ ಷಾಕೇ ಮದ್ದು: ಬೈಫೇಸಿಕ್ ಯಂತ್ರದಲ್ಲಿ 120ರಿಂದ 200 ಜೂಲ್, ಹಳೆಯ ಮೊನೊಫೇಸಿಕ್‌ನಲ್ಲಿ 360. ಷಾಕ್ ಕೊಟ್ಟ ಕ್ಷಣವೇ ಪರದೆ ನೋಡದೆ 2 ನಿಮಿಷ ಎದೆ ಒತ್ತಬೇಕು, ನಿಮಿಷಕ್ಕೆ 100ರಿಂದ 120ರಂತೆ, 5 ಸೆಂ.ಮೀ. ಆಳಕ್ಕೆ. ಅಡ್ರಿನಲಿನ್ 1 ಮಿ.ಗ್ರಾಂ 3ರಿಂದ 5 ನಿಮಿಷಕ್ಕೊಮ್ಮೆ. ಮೂರನೆಯ ಷಾಕಿಗೂ ಜಗ್ಗದಿದ್ದರೆ ಅಮಿಯೊಡರಾನ್ 300 ಮಿ.ಗ್ರಾಂ, ಅಗತ್ಯಬಿದ್ದರೆ ಇನ್ನೊಂದು 150.

ಕಳುಹಿಸುವಾಗ ಮತ್ತು ಆಮೇಲೆ

ಆಂಬುಲೆನ್ಸ್ ಹೊರಡುವ ಮುನ್ನ ಪ್ಯಾಡುಗಳು ಎದೆಯ ಮೇಲಿರಬೇಕು, ಎರಡು ಸಿರೆಗಳಲ್ಲಿ ಕ್ಯಾನ್ಯುಲಾ ಇರಬೇಕು, ಡಿಫಿಬ್ರಿಲೇಟರಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಟೆನೆಕ್ಟೆಪ್ಲೇಸ್ ಕೊಟ್ಟ ರೋಗಿಗೆ ಕಾಲರ್ ಮೂಳೆಯ ಕೆಳಗೆ ಸೂಜಿ ಹಾಕಬಾರದು, ಏಕೆಂದರೆ ಅಲ್ಲಿ ರಕ್ತಸ್ರಾವವಾದರೆ ಒತ್ತಿ ನಿಲ್ಲಿಸಲು ಬರುವುದಿಲ್ಲ. ರೆಫರಲ್ ಚೀಟಿಯಲ್ಲಿ ‘ಬ್ರಾಡಿಕಾರ್ಡಿಯಾ’ ಎಂದಷ್ಟೇ ಬರೆದರೆ ಹುಬ್ಬಳ್ಳಿಯಲ್ಲಿ ಇಳಿಸಿಕೊಳ್ಳುವವರಿಗೆ ಏನೂ ತಿಳಿಯದು. ಆಘಾತದ ಗೋಡೆ, ಬ್ಲಾಕ್ ಕಂಡ ಸಮಯ, ಕ್ಯೂಆರ್‌ಎಸ್ ಕಿರಿದೋ ಅಗಲವೋ, ಕೊಟ್ಟ ಔಷಧದ ಪ್ರಮಾಣ ಮತ್ತು ವೇಳೆ ಬರೆದು, ಲಯ ತಪ್ಪಿದಾಗಿನ ಪಟ್ಟಿಯನ್ನೇ ಚೀಟಿಗೆ ಪಿನ್ ಮಾಡಬೇಕು. ರೋಗಿ ತಲುಪುವ ಹೊತ್ತಿಗೆ ಲಯ ಸರಿಹೋಗಿರಬಹುದು; ಆಗ ಆ ಒಂದು ಪಟ್ಟಿಯ ಹೊರತು ಬೇರೆ ದಾಖಲೆ ಉಳಿದಿರುವುದಿಲ್ಲ.

ವಾಪಸ್ ಬಂದ ರೋಗಿಯ ಮನೆಯವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ, “ಮಷಿನ್ ಕೂಡ್ರಸಬೇಕೇನ್ರೀ ಸರ್?” ಕೆಳಗೋಡೆಯ ಬ್ಲಾಕ್ ಬಿಟ್ಟುಹೋಗಿದ್ದರೆ ಬೇಕಿಲ್ಲ. ಕನಿಷ್ಠ 5 ದಿನ ಕಾದ ಮೇಲೂ ಎರಡನೆಯ ಬಗೆಯ ಮೊಬಿಟ್ಜ್ ಅಥವಾ ಸಂಪೂರ್ಣ ಬ್ಲಾಕ್ ಉಳಿದಿದ್ದರೆ, ಅಥವಾ ಬಂಡಲ್ ಬ್ಲಾಕ್ ಅದಲುಬದಲಾಗುತ್ತಿದ್ದರೆ ಶಾಶ್ವತ ಪೇಸ್‌ಮೇಕರ್ ಬೇಕು. ಮೊದಲ 48 ಗಂಟೆಯೊಳಗೆ ಬಂದ ವೆಂಟ್ರಿಕ್ಯುಲರ್ ಫಿಬ್ರಿಲೇಶನ್‌ಗೂ ಅದರ ನಂತರ ಬಂದದ್ದಕ್ಕೂ ವ್ಯತ್ಯಾಸವಿದೆ. ಹೊಸ ರಕ್ತಕೊರತೆಯಂಥ ಸರಿಪಡಿಸಬಹುದಾದ ಕಾರಣ ಸಿಗದಿದ್ದರೆ, ತಡವಾಗಿ ಬಂದದ್ದು ಗಾಯದ ಕಲೆಯಿಂದ ಹುಟ್ಟಿದ್ದು, ಮತ್ತೆ ಬರುವಂಥದ್ದು, ಆದ್ದರಿಂದ ಅಂಥವರನ್ನು ಐಸಿಡಿ (ದೇಹದೊಳಗೆ ಕೂರಿಸುವ ಷಾಕ್ ಯಂತ್ರ) ಬಗ್ಗೆ ತೀರ್ಮಾನಿಸಲು ತಜ್ಞರಲ್ಲಿಗೆ ಕಳುಹಿಸಬೇಕು. ಉಳಿದವರಲ್ಲಿ, ಬಿಡುಗಡೆಯ ದಿನದ ಎಕೋದಲ್ಲಿ ಇಎಫ್ (ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರದೂಡುವ ರಕ್ತದ ಪಾಲು) ಶೇಕಡಾ 35 ಅಥವಾ ಅದಕ್ಕಿಂತ ಕಡಿಮೆ ಇದ್ದರೂ ಅಂದೇ ಐಸಿಡಿ ಮಾತು ಎತ್ತುವಂತಿಲ್ಲ. ಪೆಟ್ಟಿನಿಂದ ಮಂಕಾದ ಸ್ನಾಯು ಚೇತರಿಸಿಕೊಳ್ಳಲು ಸಮಯ ಬೇಕು. ಔಷಧಗಳನ್ನು ತಪ್ಪಿಸದೆ ಕೊಟ್ಟು, 40 ದಿನ ಕಳೆದ ಮೇಲೆ, ಆಂಜಿಯೊಪ್ಲಾಸ್ಟಿ ಆಗಿದ್ದರೆ ಮೂರು ತಿಂಗಳ ಬಳಿಕ, ಎಕೋವನ್ನು ಮತ್ತೆ ಮಾಡಿಸಬೇಕು. ಆ ತಾರೀಖನ್ನು ಡಿಸ್‌ಚಾರ್ಜ್ ಕಾರ್ಡಿನ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು, ಕಾರ್ಡನ್ನು ಓದಬಲ್ಲ ಮಗನ ಅಥವಾ ಸೊಸೆಯ ಕೈಗೆ ಕೊಡಬೇಕು.